ಕಡೆಯಿಂದ ಹಿಡಿಯಬೇಕಿದ್ದ ಸಾಲು

ಮೊನ್ನೆ ಸೇಡಂ ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ಅಂಗಡಿಯವನು ಬೆಸುಗೆ ಹಾಕುತ್ತಿದ್ದ. ಆ ಹೊಗೆ ಮೂಗಿಗೆ ಬಡಿದದ್ದೇ ತಡ, ತಮ್ಮ ನೆನಪಾದ...

ಅವನು ಡಿಪ್ಲೊಮಾ ಓದಿದ. ನಾನು ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟು ಶಹಾಬಾದಿನಲ್ಲಿ ಹಾಸುಗಲ್ಲು ಹೊತ್ತೆ. ಅವ್ವ ಅವನಿಗೆ ಬಿಸಿ ರೊಟ್ಟಿ ಬಡಿದು ಕೊಡುತ್ತಿದ್ದಳು, ನನಗೆ ನಿನ್ನೆಯದು. ಹೊಟ್ಟೆ ಉರಿಯುತ್ತಿತ್ತು, ಸುಳ್ಳು ಹೇಳಲಾರೆ.

ಸಿಮೆಂಟ್ ಭಟ್ಟಿಯ ಶಾಖ ತೋರಿಸುವ ಸಣ್ಣ ಪೆಟ್ಟಿಗೆಯೊಂದನ್ನು ಅವನು ಮಾಡುತ್ತಿದ್ದ. ಹೊಸ ಅಂಕಿ ಬಂದಾಗಲೆಲ್ಲ ಅದರ ನೆನಪಿನಲ್ಲಿದ್ದ ಹಳೆಯ ಅಂಕಿಗಳು ಒಂದೊಂದು ಸ್ಥಾನ ಮುಂದೆ ಸರಿಯಬೇಕು. ಒಂದು ಅಂಕಿ ಇಡಲು ಆ ನೆನಪಿನಲ್ಲಿ ನಾಲ್ಕು ಮನೆ, ಅಂದರೆ ಖಾನೆ, ಬೇಕು. ಒಂದೊಂದೇ ಮನೆ ನಕಲು ಮಾಡುವಷ್ಟರಲ್ಲಿ ಮುಂದಿನ ಅಂಕಿ ತಪ್ಪಿಹೋಗುತ್ತಿತ್ತು.

"ಅಕ್ಕಾ, ನೀವೆಲ್ಲ ಲಾರಿಗೆ ಕಲ್ಲು ಹ್ಯಾಂಗ ಏರಿಸ್ತೀರಿ?"

"ಸಣ್ಣವು ಇದ್ರ ನಾಕು ಕೂಡಿಸಿ ಎತ್ತತೀವಿ. ಒಂದೊಂದು ಒಯ್ಯಾಕ ನಮಗೇನು ಹುಚ್ಚು ಹಿಡದದ?"

ಕುಣಿದಾಡಿಬಿಟ್ಟ. ಪೆಟ್ಟಿಗೆಯೊಳಗಿನ ಪ್ರೊಸೆಸರಿಗೂ ನಾಲ್ಕು ಮನೆ ಒಮ್ಮೆಗೇ ಎತ್ತುವ ತಾಕತ್ತಿತ್ತಂತೆ. ಅವ್ವ ಓಣಿಗೆಲ್ಲ ಹೇಳಿದಳು, ಮಗನ ತಲೆ ಭಾಳ ಚುರುಕು ಅಂತ. "ಅದು ಅಕ್ಕನ ತಲಿ ಯವ್ವಾ" ಎಂದ ಅವನು. ಅವ್ವ ನಕ್ಕಳು.

"ಕಲ್ಲು ಹೊರೋಕಿಗಿ ಅದೆಲ್ಲಿ ತಿಳೀತದೋ!"

ಮರುದಿನ ಅವನು ನೆಲದ ಮೇಲೆ ಬಳಪದಿಂದ ಅಂಕಿಗಳ ಸಾಲು ಬರೆದು ನನಗೆ ತೋರಿಸಿದ. ಮೊದಲನೆಯದನ್ನು ಎರಡನೆಯದರ ಜಾಗಕ್ಕೆ, ಅಲ್ಲಿದ್ದುದನ್ನು ಮೂರನೆಯದಕ್ಕೆ... ತಪ್ಪು ನನಗೆ ಕಂಡುಬಿಟ್ಟಿತು. ನಿಲ್ಲಿಸಿದ ಕಲ್ಲಿನ ಸಾಲನ್ನು ಒಂದು ಹೆಜ್ಜೆ ಸರಿಸಬೇಕಾದರೆ ನಾವು ಕಡೆಯ ಕಲ್ಲಿನಿಂದ ಹಿಡಿಯುತ್ತೇವೆ. ಖಾಲಿ ಜಾಗ ಇರುವುದು ಅಲ್ಲೇ. ಅವನು ಮುಂದಿನಿಂದ ಹಿಡಿದಿದ್ದ. ಮೊದಲ ಅಂಕಿ ಎರಡನೆಯದನ್ನು ಅಳಿಸಿ, ಮುಂದಿನ ಜಾಗಗಳಲ್ಲೆಲ್ಲ ತಾನೇ ಹೋಗಿ ಕೂರುತ್ತಿತ್ತು. ಮನೆಯಲ್ಲಿ ಅವನು ಪೆಟ್ಟಿಗೆಯಿಂದ ಕುದಿಯುವ ನೀರಿನ ಶಾಖವನ್ನಷ್ಟೇ ಅಳೆದು ನೋಡಿದ್ದ. ಶಾಖ ಒಂದೇ ಇದ್ದುದರಿಂದ ತಪ್ಪು ಕಂಡಿರಲಿಲ್ಲ.

ಹೇಳಲು ಬಾಯಿ ತೆರೆದೆ. ಅವ್ವನ ನಗೆ ಇನ್ನೂ ಕಿವಿಯಲ್ಲಿತ್ತು.

"ಛಲೋ ಅದ" ಎಂದೆ.

ವಾಡಿಯ ಸಿಮೆಂಟ್ ಕಾರ್ಖಾನೆಗೆ ಒಯ್ದು ತೋರಿಸಿದಾಗ, ಭಟ್ಟಿಯ ಶಾಖ ಏರಿ ಇಳಿದರೂ ಪೆಟ್ಟಿಗೆಯ ಸಾಲಿನ ತುಂಬ ಒಂದೇ ಅಂಕಿ. ಸಾಹೇಬರು ನಾಲ್ಕು ಮಂದಿಯ ಎದುರು ಅದನ್ನು ಕೈಗೆ ಕೊಟ್ಟು ಕಳಿಸಿದರು. ಮನೆಗೆ ಬಂದು, ಬಾಗಿಲಲ್ಲೇ ಕುಳಿತ.

"ಅಕ್ಕಾ, ನಿನಗ ಕಂಡಿದ್ದಿಲ್ಲೇನ?"

"ನಾಲ್ಕನೇತ್ತ ಕಲ್ತಾಕಿಗಿ ಏನು ತಿಳೀತದಪ್ಪಾ?"

ಹೌದೆಂದು ತಲೆಯಾಡಿಸಿದ. ನಂಬಿದ. ಆ ಪೆಟ್ಟಿಗೆಯನ್ನು ಮತ್ತೆ ತೆರೆಯಲಿಲ್ಲ. ಅದಾಗಿ ಮೂರನೇ ವರ್ಷ ಕಾಮಾಲೆಯಾಗಿ ತೀರಿಹೋದ...

ಈಗಲೂ ಹೊಸ ಹೆಣ್ಣುಮಗಳು ಕಲ್ಲಿನ ಕೆಲಸಕ್ಕೆ ಬಂದರೆ ಮೊದಲು ನಾನು ಹೇಳುವುದು, "ಕಡೀಲಿಂದ ಹಿಡಿಯವ್ವಾ" ಅಂತ. ಮೊನ್ನೆ ಆ ಹೊಗೆಯ ಮುಂದೆ ನಿಂತಾಗಲೂ ಅದೇ ಮಾತು ಬಾಯಿಗೆ ಬಂತು. ಅಂಗಡಿಯವನು ತಲೆಯೆತ್ತಿ, "ಏನ್ ಬೇಕ್ರಿ?" ಎಂದ.