ಜಹೀರ್ ಅಬ್ಬಾಸ್ ಪಕ್ಷದ ಬಶಾರತ್

ಲಾಹೋರಿನ ಭಾಟಿ ದರ್ವಾಜೆಯ ಒಳಗೆ ತಂದೂರ್ ಇಟ್ಟುಕೊಂಡಿರುವ ಬಶಾರತ್‌ನ ಹತ್ತಿರ ಹೋದವರಿಗೆ ಕುಲ್ಚಾಕ್ಕಿಂತ ಮೊದಲು ವಾದ ಸಿಗುತ್ತದೆ. ಒಂದು ದಿನದ ಕ್ರಿಕೆಟ್ಟಿನಲ್ಲಿ ಜಹೀರ್ ಅಬ್ಬಾಸ್‌ನನ್ನು ಮೀರಿಸಿದ ಬ್ಯಾಟ್ಸ್‌ಮನ್ ಹುಟ್ಟಿಲ್ಲ, ಇನ್ನು ಹುಟ್ಟುವುದೂ ಇಲ್ಲ. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಗದ್ದಾಫಿ ಸ್ಟೇಡಿಯಮ್ಮಿಗೆ ಹೋಗಿ, ಆ ಕನ್ನಡಕದ ಮನುಷ್ಯ ಭಾರತದ ಮೇಲೆ ನೂರು ಬಾರಿಸಿದ್ದನ್ನು ಕಂಡವನು ಬಶಾರತ್. ಆಮೇಲೆ ಅವನ ಕಣ್ಣಿಗೆ ಬೇರೆ ಯಾರೂ ಹತ್ತಲಿಲ್ಲ. ತೆಂಡೂಲ್ಕರ್ ಎಂದವರಿಗೂ ರಿಚರ್ಡ್ಸ್ ಎಂದವರಿಗೂ ಸೀದ ಕುಲ್ಚಾವೇ ಗತಿ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಆಸಾಮಿ.

ಈ ಹಟಕ್ಕೆ ಮಗಳು ಸಿದ್ರಾಳ ಒಂದು ಸಂಬಂಧ ಆಗಲೇ ಮುರಿದಿತ್ತು. ಗಂಡಿನ ಸೋದರಮಾವ ಇಂಜಮಾಮೇ ದೊಡ್ಡವನು ಎಂದ, ಇವನು "ಓಡೋಕ್ಕೇ ಬರದವನು" ಎಂದ, ಚಹಾ ಆರುವ ಮೊದಲೇ ಅವರು ಚಪ್ಪಲಿ ಮೆಟ್ಟಿದರು.

ಆದ್ದರಿಂದ ಹಾಜಿ ಇಕ್ರಾಮ್ ಕುಟುಂಬ ಹೆಣ್ಣು ನೋಡಲು ಬರುವ ದಿನ ಹೆಂಡತಿ ಕೌಸರ್ ಅವನನ್ನು ಎದುರಿಗೆ ಕೂರಿಸಿಕೊಂಡಳು. ಹಾಜಿಗಳಿಗೆ ದೊಡ್ಡ ಬಟ್ಟೆ ಅಂಗಡಿ. ಮಗ ರೇಹಾನನ ಫೋಟೋ ನೋಡಿ ಸಿದ್ರಾ ನಕ್ಕಿದ್ದಳು. ಆ ಹುಡುಗಿ ಸುಮ್ಮಸುಮ್ಮನೆ ನಗುವವಳಲ್ಲ.

"ಸಿದ್ರಾಳ ಅಬ್ಬಾ, ಕ್ರಿಕೆಟ್ ಮಾತು ಬಂದ್ರೆ ಬಾಯಿಗೆ ಸಮೋಸ ತುರುಕ್ಕೊಳ್ಳಿ. ಇದೂ ತಪ್ಪಿಹೋದ್ರೆ ನಾನು ಈ ಮನೇಲಿ ಇರೋಲ್ಲ," ಎಂದಳು. ಬಶಾರತ್ ತಲೆಯಾಡಿಸಿದ.

ಬಂದವರು ಉಂಡರು, ಹೊಗಳಿದರು. ಎಲ್ಲ ಸುಸೂತ್ರ ಎನ್ನುವಾಗ ಹಾಜಿಗಳು ಗಡ್ಡ ಒರೆಸಿಕೊಂಡು, ಒಂದು ದಿನದ ಆಟದಲ್ಲಿ ಎಲ್ಲರಿಗಿಂತ ದೊಡ್ಡವನು ಯಾರು ಎಂದು ಕೇಳಿದರು. ಉತ್ತರವನ್ನೂ ಅವರೇ ಕೊಟ್ಟರು: ಸಯೀದ್ ಅನ್ವರ್, ಚೆನ್ನೈನ ನೂರ ತೊಂಬತ್ನಾಲ್ಕರ ಮುಂದೆ ಉಳಿದದ್ದೆಲ್ಲ ಮಕ್ಕಳಾಟ. ಹಾಜಿಗಳ ತಮ್ಮ ಹೌದೆಂದ, ಹಾಜಿಗಳ ಹೆಂಡತಿ ಹೌದೆಂದಳು. ರೇಹಾನ್ ಮಾತ್ರ ಮೆಲ್ಲಗೆ, "ಕೊಹ್ಲಿ ಕೂಡ, ಅಬ್ಬಾ..." ಎಂದು ಶುರುಮಾಡಿದ. ಹಾಜಿಗಳು ಕತ್ತು ತಿರುಗಿಸಿದರು, ಅಷ್ಟೇ. ಹುಡುಗ ಚಹಾದ ಕಪ್ಪು ನೋಡುತ್ತ, "ಅನ್ವರ್ರೇ," ಎಂದ.

"ನೀವೇನಂತೀರಿ, ಬಶಾರತ್ ಸಾಹೇಬ್ರೇ?"

ಇಡೀ ದಿನ ಬೆಂಕಿಯ ಮುಂದೆ ನಿಲ್ಲುವವನ ಹಣೆ ಈಗ ಬೆವರಿತು. ಕೌಸರ್ ದುಪಟ್ಟಾದ ಸೆರಗು ಹಿಂಡುತ್ತಿದ್ದಳು. ಬಾಗಿಲಲ್ಲಿ ಸಿದ್ರಾ ಬರ್ಫಿಯ ತಟ್ಟೆ ಹಿಡಿದು ಅಪ್ಪನನ್ನೇ ನೋಡುತ್ತಿದ್ದಳು. ಬಿಸಿತುಪ್ಪ ಉಗುಳುವಂತಿಲ್ಲ, ನುಂಗುವಂತಿಲ್ಲ.

"ಅನ್ವರ್," ಎಂದ ಬಶಾರತ್. ದನಿ ಅವನದಾಗಿರಲಿಲ್ಲ.

ಹಾಜಿಗಳು ಹಿಗ್ಗಿ ಹೀರೇಕಾಯಿಯಾದರು. ಸಿದ್ರಾಳ ತಟ್ಟೆಯಿಂದ ಬರ್ಫಿ ತೆಗೆದು ಬಶಾರತ್‌ನ ಬಾಯಿಗೆ ಹಿಡಿದರು. ಹೆಣ್ಣಿನ ತಂದೆ ಅದನ್ನು ಕಚ್ಚಿದರೆ ಸಂಬಂಧ ಗಟ್ಟಿಯಾದಂತೆ. ಅವನು ಬಾಯಿ ತೆರೆದ.

"ತಡೀರಿ, ಹಾಜಿ ಸಾಹೇಬ್ರೇ," ಎಂದಳು ಸಿದ್ರಾ. "ನಮ್ಮಬ್ಬಾ ನನಗೋಸ್ಕರ ಸುಳ್ಳು ಹೇಳಿದ್ರು. ಅವರು ಹುಟ್ಟಾ ಜಹೀರ್ ಅಬ್ಬಾಸ್ ಪಕ್ಷ." ಆಮೇಲೆ ರೇಹಾನನ ಕಡೆ ತಿರುಗಿದಳು. "ನೀವು ನಿಜ ಹೇಳಿ. ನಿಮ್ಮ ಪ್ರಕಾರ ಯಾರು?"

ರೇಹಾನ್ ಅವಳನ್ನು ನೋಡಿದ. ಅವನಿಗೂ ಅವಳು ಹಿಡಿಸಿದ್ದಳು, ಮುಖ ನೋಡಿದರೇ ತಿಳಿಯುತ್ತಿತ್ತು. ಬಾಯಿ ತೆರೆದ, ಆಮೇಲೆ ಅಪ್ಪನ ಕಡೆ ಕಣ್ಣು ಹಾಯಿಸಿದ.

"ಅಬ್ಬಾ ಹೇಳಿದ್ದೇ ನಂದೂ."

ಸಿದ್ರಾ ಹಾಜಿಗಳ ಕೈಯಿಂದ ಬರ್ಫಿಯನ್ನು ಮರ್ಯಾದೆಯಿಂದಲೇ ತೆಗೆದುಕೊಂಡು ತಟ್ಟೆಗೆ ಹಾಕಿದಳು. ಹಾಜಿಗಳು ಧುಮುಗುಡುತ್ತ ಮನೆಯವರನ್ನು ಕರೆದುಕೊಂಡು ಮೆಟ್ಟಿಲಿಳಿದು ಹೋದರು.

ಕೌಸರ್ ಅಡುಗೆಮನೆ ಸೇರಿ ಅಳತೊಡಗಿದಳು. ಬಶಾರತ್‌ಗೆ ಸಿಟ್ಟೂ ಬಂತು, ನಾಚಿಕೆಯೂ ಆಯಿತು. "ಜನ್ಮದಲ್ಲಿ ಒಂದ್ಸಲ ಬಾಯಿ ಮುಚ್ಕೊಂಡಿದ್ದೆ, ಮಗಳೇ. ಹುಡುಗ ನಿಂಗೂ ಹಿಡಿಸಿದ್ನಲ್ಲ?"

"ಹಿಡಿಸಿದ್ದ," ಎಂದಳು ಸಿದ್ರಾ. ಕಣ್ಣು ತುಂಬಿತ್ತು. "ನಾಳೆ ಆ ಮನೇಲಿ ನಂಗೆ ಉಸಿರು ಕಟ್ತಿದೆ ಅಂದ್ರೂ, ಅವನು ಮೊದಲು ಅವರಪ್ಪನ ಮುಖಾನೇ ನೋಡ್ತಾನೆ, ಅಬ್ಬಾ."

ಬಶಾರತ್ ಅವಳ ಹತ್ತಿರ ಬಂದ. ಮಗಳ ತಲೆಯ ಮೇಲೆ ಕೈಯಿಟ್ಟು ನಿಂತ.