ತೊಳೆದಿಟ್ಟ ಡಬ್ಬಿ

ಮಗಳು ಆಫೀಸಿನಿಂದ ವಾಪಸ್ ತಂದ ಊಟದ ಡಬ್ಬಿಯ ಮುಚ್ಚಳ ತೆಗೆದೆ. ತಿನ್ನದೆ ಉಳಿಸಿದ್ದ ಮೊಸರನ್ನದ ಹುಳಿ ವಾಸನೆ ಮೂಗಿಗೆ ಬಡಿಯಿತು. ಹೊಸಮನೆಯ ಈ ಅಡುಗೆಮನೆಯಲ್ಲಿ ನಿಂತವಳಿಗೆ ಭದ್ರಾವತಿಯ ವಠಾರದ ಎದುರುಮನೆ ಅಕ್ಕ ನೆನಪಾದರು...

ಆಗ ನನಗೆ ಕತೆ ಬರೆಯುವ ಹುಚ್ಚು. ಮಾಚೇನಹಳ್ಳಿಯ ಕಾರ್ಖಾನೆಯೊಂದು ಮುಚ್ಚಿದ ದಿನ ಕಾರ್ಮಿಕನೊಬ್ಬ ಗೇಟಿಗೆ ತಲೆ ಚಚ್ಚಿಕೊಂಡು ಗೋಳಾಡುವ ಕತೆಯನ್ನು ಶಿವಮೊಗ್ಗದ ಪತ್ರಿಕೆಗೆ ಕೊಟ್ಟಿದ್ದೆ. ಕೊನೆ ನಂಬುವಂತಿಲ್ಲ, ನಾಳೆಯೊಳಗೆ ತಿದ್ದಿ ಕೊಟ್ಟರೆ ಹಾಕುತ್ತೇವೆ ಎಂದು ಸಂಪಾದಕರು ಫೋನಿನಲ್ಲಿ ಹೇಳಿದರು. ನನಗೆ ಮೈಯೆಲ್ಲ ಉರಿಯಿತು. ಕಣ್ಣೀರು ಸುರಿಸಿ ಬರೆದ ಕೊನೆ ಅದು! ಆದರೆ ಮೊದಲ ಕತೆ ಅಚ್ಚಾಗಬೇಕೆಂಬ ಆಸೆ ಸಿಟ್ಟಿಗಿಂತ ದೊಡ್ಡದಿತ್ತು.

ಅಕ್ಕನಿಗೆ ಓದಿ ಹೇಳಲು ಹೋದೆ. ಅವರ ಯಜಮಾನರು ಅದೇ ಕಾರ್ಖಾನೆಯಲ್ಲಿದ್ದವರು. ಕೆಲಸ ಹೋದ ಮೇಲೆ ಮಾತೇ ಬಿಟ್ಟಿದ್ದರು. ಆಗಲೂ ಒಳಕೋಣೆಯಲ್ಲಿ ಮಲಗಿದ್ದರು.

"ಮೆಲ್ಲಗೆ ಓದು ಮಾರಾಯ್ತಿ, ಅವರಿಗೆ ಕೇಳಿಸ್ಬಾರ್ದು" ಎಂದರು ಅಕ್ಕ, ಮೊರದಲ್ಲಿ ಅಕ್ಕಿ ಹಸನು ಮಾಡುತ್ತ. ಪಿಸುಗುಟ್ಟುತ್ತ ಓದಿದೆ. ಗೇಟಿನ ಸಾಲು ಬಂದಾಗ ಅವರ ಕೈ ನಿಂತಿತು.

"ಅವರು ಅಳ್ಲಿಲ್ಲ. ಮನೆಗೆ ಬಂದು ಊಟದ ಡಬ್ಬಿ ತೊಳೆದಿಟ್ರು. ಮದ್ವೆ ಆದಾಗಿಂದ ಒಂದಿನಾನೂ ತೊಳೆದೋರಲ್ಲ. ಅದು ನೋಡೇ ನಂಗೆ ಭಯ ಆಯ್ತು."

"ಇದನ್ನೇ ಬರೀಲಾ ಅಕ್ಕ?"

ಅಕ್ಕ ಒಳಕೋಣೆಯ ಬಾಗಿಲತ್ತ ನೋಡಿ "ಬರಿ" ಎಂದರು. ಅಲ್ಲೇ ಕೂತು ಗೇಟು, ಗೋಳಾಟ ಎಲ್ಲ ಹೊಡೆದುಹಾಕಿದೆ. ಡಬ್ಬಿ ತೊಳೆಯುವುದನ್ನು ಬರೆದೆ. ಬರೆದದ್ದನ್ನು ಓದಿ ಹೇಳುವ ಹುರುಪಿನಲ್ಲಿ ದನಿ ತಗ್ಗಿಸುವುದೇ ಮರೆತುಹೋಯಿತು.

ಒಳಗಿನಿಂದ ಕೆಮ್ಮು ಕೇಳಿಸಿತು. ಯಜಮಾನರು ಬಾಗಿಲಿಗೆ ಬಂದು ನಿಂತರು. ಹಾಳೆ ಕಿತ್ತುಕೊಂಡು ಹರಿದೇ ಹಾಕುತ್ತಾರೆ ಅಂದುಕೊಂಡು ಎದೆಗವುಚಿಕೊಂಡೆ.

"ಒಂದು ಬಿಟ್ಟಿದೀಯಮ್ಮ" ಎಂದರು ಅವರು. "ಡಬ್ಬಿ ತುಂಬ ಊಟ ಹಾಗೇ ಇತ್ತು. ಹಿತ್ಲಲ್ಲಿ ನಾಯಿಗೆ ಹಾಕಿ ತೊಳೆದೆ. ಉಂಡಿಲ್ಲ ಅಂತ ಇವಳಿಗೆ ಗೊತ್ತಾಗ್ಬಾರ್ದಿತ್ತು."

ಅಕ್ಕ ಸೆರಗನ್ನು ಬಾಯಿಗೊತ್ತಿಕೊಂಡು ಅತ್ತರು. ನಾನು ಪೆನ್ನಿನ ಮುಚ್ಚಳ ಹಾಕಿದೆ. "ಬರ್ಕೋ, ಮರೆತೀಯ" ಎಂದರು ಯಜಮಾನರು. ಕತೆ ಅಚ್ಚಾಯಿತು. ಸಂಪಾದಕರು ಹೊಗಳಿದರು. ಆ ಹೊಗಳಿಕೆ ನನ್ನದೆಂದು ನನಗೆ ಯಾವತ್ತೂ ಅನ್ನಿಸಲಿಲ್ಲ.

ಈಗ ಅವರಿಬ್ಬರೂ ಇಲ್ಲ. ಕತೆ ಬರೆದಾಗಲೆಲ್ಲ ಮೊದಲು ಪಿಸುಗುಟ್ಟುತ್ತ ಓದಿಕೊಳ್ಳುತ್ತೇನೆ, ಆಮೇಲೆ ಬೇಕೆಂದೇ ಗಟ್ಟಿಯಾಗಿ. ಒಳಕೋಣೆಯಿಂದ ಯಾರೂ ಕೆಮ್ಮುವುದಿಲ್ಲ.