ಎಕ್ಸಿಬಿಷನ್ನಿನಲ್ಲಿ ಗೂಡು ಕಟ್ಟಿದ ಹುಳು

ಹೋದ ವರ್ಷ ಯುಗಾದಿ ಕಳೆದು ಹದಿನೈದು ದಿನ ಆಗಿತ್ತು. ನಮ್ಮದು ಮಡಕಶಿರಾ ಹತ್ತಿರ ಗುಡಿಬಂಡೆ ಕಡೆಯ ಒಂದು ಹಳ್ಳಿ. ಒಂದೂವರೆ ಎಕರೆ ರೇಷ್ಮೆ ಸೊಪ್ಪು, ಒಂದು ಹುಳುಮನೆ, ಒಬ್ಬ ಗಂಡ. ಮೂರನ್ನೂ ನೋಡಿಕೊಳ್ಳುವವಳು ನಾನೇ. ಗಂಗಕ್ಕನ ಬಾಯಿ ಸ್ವಲ್ಪ ಜೋರು ಎಂದು ಊರವರು ಹೇಳುತ್ತಾರೆ. ಹುಳು ಸಾಕುವವಳ ಬಾಯಿ ಮೆತ್ತಗಿದ್ದರೆ ಹುಳುಮನೆಗೆ ಕಂಡಕಂಡವರೆಲ್ಲ ಚಪ್ಪಲಿ ಮೆಟ್ಟಿಕೊಂಡೇ ನುಗ್ಗುತ್ತಾರೆ ಎನ್ನುವುದು ಅವರಿಗೆ ಗೊತ್ತಿಲ್ಲ.

ಆಗ ಬೆಂಗಳೂರಿನ ಡಿಸೈನ್ ಕಾಲೇಜೊಂದರ ಎಂಟು ಮಂದಿ ವಿದ್ಯಾರ್ಥಿಗಳು ಮಡಕಶಿರಾದಲ್ಲಿ ಬಂದು ತಂಗಿದ್ದರು. ಒಂದು ತಿಂಗಳು ಸುತ್ತಮುತ್ತಲ ಹಳ್ಳಿ ಸುತ್ತಿ, ಕೊನೆಗೆ ಮುಚ್ಚಿಹೋಗಿದ್ದ ಕಡಲೆಕಾಯಿ ಮಿಲ್ಲಿಗೆ ಸುಣ್ಣ ಬಳಿಸಿ ಅಲ್ಲೇ ಒಂದು ಪ್ರದರ್ಶನ ಇಡುವುದು, ಅದನ್ನೇ ಪರೀಕ್ಷೆ ಎಂದು ಭಾವಿಸಿ ಅಂಕ ಕೊಡುವುದು. ಅವರಲ್ಲಿ ಮೇಘನಾ ಎಂಬ ಮೈಸೂರಿನ ಹುಡುಗಿ ನಮ್ಮೂರಿಗೆ ದಿನಾ ಬರುತ್ತಿದ್ದಳು. ಗೋಡೆಗೆ ಒರಗಿಸಿದ್ದ ನಮ್ಮ ಇಪ್ಪತ್ತು ಬಿದಿರಿನ ಚಂದ್ರಿಕೆಗಳನ್ನು ಕಂಡು ನಿಂತುಬಿಟ್ಟಳು. ಚಂದ್ರಿಕೆ ಎಂದರೆ ಆರಡಿ ಉದ್ದ, ನಾಲ್ಕಡಿ ಅಗಲದ ಬಿದಿರಿನ ಚಾಪೆ. ಅದರ ಮೇಲೆ ಬಿದಿರಿನ ಪಟ್ಟಿಯನ್ನು ಸುತ್ತುಸುತ್ತಾಗಿ, ಕೋಡುಬಳೆಯೊಳಗೆ ಕೋಡುಬಳೆ ಇಟ್ಟ ಹಾಗೆ ಹೊಲಿದಿರುತ್ತಾರೆ. ಹಣ್ಣಾದ ಹುಳುವನ್ನು ಅದರ ಮೇಲೆ ಬಿಟ್ಟರೆ ಆ ಸುತ್ತಿನ ಸಂದಿಯಲ್ಲಿ ಗೂಡು ಕಟ್ಟುತ್ತದೆ.

"ಅಕ್ಕ, ಇಷ್ಟು ಚೆನ್ನಾಗಿರೋ ಡಿಸೈನು ನಮ್ಮ ಕಾಲೇಜಲ್ಲಿ ಯಾರಿಗೂ ಮಾಡೋಕೆ ಬರಲ್ಲ. ಇಪ್ಪತ್ತೂ ಕೊಡ್ತೀರಾ? ಶುಕ್ರವಾರ ಪರೀಕ್ಷೆ, ಭಾನುವಾರ ಎಕ್ಸಿಬಿಷನ್ ಮುಗಿಯುತ್ತೆ. ಸೋಮವಾರ ನಾನೇ ತಂದು ಕೊಡ್ತೀನಿ" ಎಂದಳು.

ನನಗೆ ಹೊಗಳಿಕೆ ಎಂದರೆ ಮೊದಲಿಂದಲೂ ಸ್ವಲ್ಪ ವೀಕು. ಹುಳು ನಾಲ್ಕನೇ ಜ್ವರಕ್ಕೆ ಕೂತಿತ್ತು. ಜ್ವರ ಎಂದರೆ ಕಾಯಿಲೆಯಲ್ಲ, ಹುಳು ಸೊಪ್ಪು ಬಿಟ್ಟು ಮಲಗಿ ಪೊರೆ ಕಳಚುವುದು. ಎದ್ದ ಮೇಲೆ ಏಳೆಂಟು ದಿನ ತಿಂದು ಹಣ್ಣಾಗುತ್ತದೆ. ಬೆರಳು ಮಡಿಚಿ ಲೆಕ್ಕ ಹಾಕಿದೆ. ಸೋಮವಾರಕ್ಕೆ ಮೊದಲು ಚಂದ್ರಿಕೆ ಬೇಕಾಗುವುದಿಲ್ಲ.

ನಮ್ಮ ಯಜಮಾನರು, "ಬಿಸ್ಲು ನೋಡು ಎಂಗೈತೆ. ಈ ಕಾವಿಗೆ ಹುಳ ಎರಡ್ಮೂರು ದಿನ ಮುಂಚೇನೇ ಹಣ್ಣಾಯ್ತದೆ. ಕೊಡ್ಬ್ಯಾಡ" ಎಂದರು.

"ಮೂವತ್ತು ವರ್ಷದಿಂದ ಹುಳ ಮೇಯ್ಸಿರೋಳು ನಾನಾ, ನೀವಾ?" ಎಂದೆ. ಅವರು ಟವಲ್ ಕೊಡವಿಕೊಂಡು ಎದ್ದು ಹೋದರು. ಚಂದ್ರಿಕೆಗಳು ಟ್ರ್ಯಾಕ್ಟರ್ ಹತ್ತಿದವು.

ಶುಕ್ರವಾರ ಬೆಳಗ್ಗೆ ಸೊಪ್ಪು ಹಾಕಲು ಹೋದೆ. ಹುಳು ಸೊಪ್ಪು ಮೂಸಿಯೂ ನೋಡಲಿಲ್ಲ. ತಲೆ ಎತ್ತಿಕೊಂಡು ಆಚೆ ಈಚೆ ಆಡಿಸುತ್ತಿದ್ದವು. ಒಂದನ್ನು ಎತ್ತಿ ಬೆಳಕಿಗೆ ಹಿಡಿದರೆ ಮೈಯೆಲ್ಲ ದ್ರಾಕ್ಷಿ ಹಣ್ಣಿನ ಹಾಗೆ. ಹುಳು ಹಣ್ಣಾಗಿತ್ತು! ಅದೂ ಒಂದೆರಡಲ್ಲ, ಮುಕ್ಕಾಲು ಪಾಲು.

ಹಣ್ಣಾದ ಹುಳು ಯಾರಪ್ಪನ ಮಾತೂ ಕೇಳುವುದಿಲ್ಲ. ಸಂಜೆಯೊಳಗೆ ಚಂದ್ರಿಕೆ ಸಿಗದಿದ್ದರೆ ಕಸದ ಮೇಲೆ, ಕಡ್ಡಿಯ ಮೇಲೆ, ಒಂದರ ಮೇಲೊಂದು ನೂಲು ಬಿಟ್ಟು ಹಾಳಾಗುತ್ತದೆ. ಹಿಂದಿನ ಬೆಳೆ ಹಾಲುತೊಂಡೆ ರೋಗ ಬಂದು ಪೂರ್ತಿ ತಿಪ್ಪೆ ಸೇರಿತ್ತು. ಇದೂ ಹೋದರೆ ನಾನು ಹುಳುಮನೆಗೆ ಬೀಗ ಹಾಕಬೇಕಾಗಿತ್ತು. ಅಕ್ಕಪಕ್ಕದಲ್ಲಿ ಕೇಳೋಣ ಎಂದರೆ ಊರಿಗೆಲ್ಲ ಮರಿಹುಳು ಬಂದದ್ದು ಒಂದೇ ಕಡೆಯಿಂದ, ಒಂದೇ ದಿನ. ಎಲ್ಲರ ಮನೆಯಲ್ಲೂ ಅವತ್ತೇ ಹಣ್ಣು. ಯಾರ ಮನೆಯಲ್ಲೂ ಒಂದೇ ಒಂದು ಚಂದ್ರಿಕೆ ಖಾಲಿ ಇರಲಿಲ್ಲ.

ಮೇಘನಾಗೆ ಫೋನ್ ಮಾಡಿದೆ. "ಚಂದ್ರಿಕೆ ಬಿಚ್ಚಿ ಕಳ್ಸಮ್ಮ, ಈಗಿಂದೀಗ್ಲೇ!"

"ಅಕ್ಕ, ಕಬ್ಬಿಣದ ಫ್ರೇಮಿಗೆ ಬೋಲ್ಟ್ ಹಾಕಿ ಕೂರಿಸಿದೀವಿ. ಬಿಚ್ಚೋಕೆ ಅರ್ಧ ದಿನ ಬೇಕು, ವೆಲ್ಡರ್ ಊರಲ್ಲಿಲ್ಲ. ಹನ್ನೊಂದಕ್ಕೆ ಪರೀಕ್ಷಕರು ಬರ್ತಾರೆ" ಎಂದವಳ ದನಿ ಅಳುವಂತಾಗಿತ್ತು.

ನಾನು ಫೋನ್ ಇಟ್ಟು ತಲೆ ಮೇಲೆ ಕೈ ಹೊತ್ತು ಕೂತೆ. ಯಜಮಾನರು ಬಾಗಿಲಲ್ಲಿ ನಿಂತು, "ಚಂದ್ರಿಕೆ ಬರಾಕಿಲ್ಲ ಅಂದ್ರೆ ಹುಳನೇ ಹೋಗ್ಲಿ ಬಿಡು ಎಕ್ಸಿಬಿಷನ್ ನೋಡಾಕೆ" ಎಂದು ಕುಟುಕಿದರು.

ಅವರು ಹೇಳಿದ್ದು ಗೇಲಿಗೆ. ನನಗೆ ಮಾತ್ರ ದೇವರೇ ಅವರ ಬಾಯಲ್ಲಿ ಬಂದು ಹೇಳಿದ ಹಾಗಾಯಿತು. ಇಪ್ಪತ್ತು ಚಂದ್ರಿಕೆ ತರಲು ಟ್ರ್ಯಾಕ್ಟರ್ ಬೇಕು. ಹುಳುವಾದರೆ ಹತ್ತು ಮಂಕರಿ ಬುಟ್ಟಿ ಸಾಕು! ಲಗೇಜ್ ಆಟೋ ಕರೆಸಿದೆ. ಮಂಕರಿಗಳಿಗೆ ಹುಳು ತುಂಬಿ, ಮೇಲೆ ನನ್ನ ಹಳೆ ಹತ್ತಿ ಸೀರೆ ಹೊದಿಸಿ, ನಡುವೆ ನಾನು ಕೂತೆ, ಯಜಮಾನರು ಆಟೋದವನ ಪಕ್ಕ ಕೂತರು. ಆಟೋದವನು ಗುಂಡಿ ಬಂದಾಗಲೆಲ್ಲ ನನ್ನ ಬೈಗುಳ ತಿನ್ನುತ್ತಾ ಒಂಬತ್ತಕ್ಕೆ ಮಿಲ್ಲಿಗೆ ತಲುಪಿಸಿದ.

ಮಿಲ್ಲಿನೊಳಗೆ ಹೆಜ್ಜೆ ಇಟ್ಟವಳು ಬೆರಗಾದೆ. ಒಬ್ಬ ಹುಡುಗ ಕೆಟ್ಟುಹೋದ ಬೋರ್‌ವೆಲ್ ಮೋಟಾರಿಗೆ ಬಿಳಿ ಬಣ್ಣ ಹೊಡೆದು ಪೀಠದ ಮೇಲೆ ಕೂರಿಸಿದ್ದ. ಕೆಳಗೆ 'ನೆನಪು' ಎಂದು ಚೀಟಿ. ನಮ್ಮ ಯಜಮಾನರು ಅದರ ಸುತ್ತ ಎರಡು ಸುತ್ತು ಹಾಕಿ, "ವೈಂಡಿಂಗ್ ಮಾಡ್ಸಿದ್ರೆ ಇನ್ನೂ ಐದು ವರ್ಷ ಓಡ್ತದೆ" ಎಂದರು. ಇನ್ನೊಬ್ಬಳು ಕಾಗದದ ದೊಡ್ಡ ದೊಡ್ಡ ಉಂಡೆಗಳನ್ನು ಒಳಗೆ ದೀಪ ಹಾಕಿ ಇಳಿಬಿಟ್ಟಿದ್ದಳು. ನಡುವೆ ನನ್ನ ಚಂದ್ರಿಕೆಗಳು. ಮೇಘನಾ ಅವನ್ನು ನಮ್ಮ ಮನೆಯಲ್ಲಿ ಒರಗಿಸುವ ಹಾಗೆಯೇ ಓರೆಯಾಗಿ ಒರಗಿಸಿದ್ದಳು, ಮಧ್ಯೆ ಜನ ನಡೆಯಲು ದಾರಿ. ಹಿಂದಿನಿಂದ ದೊಡ್ಡ ಲೈಟು. ಬಿದಿರಿನ ಸುತ್ತಿನ ನೆರಳು ಗೋಡೆಯ ಮೇಲೆ, ನೆಲದ ಮೇಲೆ, ನನ್ನ ಸೀರೆಯ ಮೇಲೆ ಬಿದ್ದಿತ್ತು. 'ಮುಟ್ಟಬೇಡಿ' ಎಂದು ಬೋರ್ಡ್ ಬೇರೆ. ನನ್ನ ಚಂದ್ರಿಕೆ ಮುಟ್ಟಬೇಡ ಎಂದು ನನಗೇ!

ಮೇಘನಾ ಮಂಕರಿಗಳನ್ನು ನೋಡಿದಳು, ನನ್ನ ಮುಖ ನೋಡಿದಳು, ಬೋರ್ಡ್ ಕಿತ್ತು ಪಕ್ಕಕ್ಕೆ ಇಟ್ಟಳು. ಎಂಟೂ ಜನ ಸಾಲಾಗಿ ನಿಂತು ಹುಳು ಬಿಡಲು ಕೈ ಹಾಕಿದರು. ಬೋರ್‌ವೆಲ್ ಮೋಟಾರಿನ ಹುಡುಗ ಮೊದಲ ಹಿಡಿ ಹುಳು ಕೈಗೆ ಬಿದ್ದಾಗ ಕಿರುಚಿದ ಕಿರುಚಿಗೆ ಬೀದಿಯ ನಾಯಿ ಬೊಗಳಿತು. ಆಮೇಲೆ ಅವನೇ ಎಲ್ಲರಿಗಿಂತ ಚೆನ್ನಾಗಿ ಬಿಟ್ಟ.

ಒಂದೂವರೆ ಗಂಟೆಯಲ್ಲಿ ಕೆಲಸ ಮುಗಿಯಿತು. ಆದರೆ ಹುಳು ನೆಲೆ ನಿಲ್ಲಲಿಲ್ಲ. ಲೈಟಿನ ಬೆಳಕು ತಾಳದೆ ಎಲ್ಲ ಒಂದೇ ಮೂಲೆಯ ನೆರಳಿಗೆ ಸರಿಯತೊಡಗಿದವು. ಹಾಗೆ ಗುಂಪುಗೂಡಿದರೆ ಎರಡೆರಡು ಹುಳು ಸೇರಿ ಒಂದೇ ಗೂಡು ಕಟ್ಟುತ್ತವೆ. ಅಂಥ ಜೋಡಿ ಗೂಡನ್ನು ಮಾರ್ಕೆಟ್ಟಿನಲ್ಲಿ ಯಾರೂ ಮೂಸುವುದಿಲ್ಲ.

"ಏಯ್ ಹುಡುಗಿ, ಲೈಟು ಆರ್ಸು!" ಎಂದು ಕೂಗಿದೆ.

"ಅಕ್ಕ... ಲೈಟೇ ನನ್ನ ಪ್ರಾಜೆಕ್ಟು. ನೆರಳಿಲ್ಲ ಅಂದ್ರೆ ಇಲ್ಲಿ ಏನೂ ಇಲ್ಲ."

"ನಿನ್ನ ನೆರಳು ಕಟ್ಕೊಂಡು ನನಗೇನಾಗ್ಬೇಕು? ಹುಳ ಸಾಯ್ತದೆ, ಆರ್ಸು ಅಂದ್ರೆ ಆರ್ಸು!"

ಅವಳು ಹೋಗಿ ತನ್ನ ಕೈಯಾರೆ ಸ್ವಿಚ್ ಆರಿಸಿದಳು. ಕಿಟಕಿಗಳಿಗೆ ಗೋಣಿಚೀಲವನ್ನೂ ಅವಳೇ ಕಟ್ಟಿದಳು. ಅಷ್ಟು ಹೊತ್ತಿಗೆ ಹನ್ನೊಂದಾಗಿತ್ತು. ನನಗೆ ಹುಳುವಿನ ಮೇಲೇ ಜ್ಞಾನ, ಅವಳ ಮುಖದ ಕಡೆ ನೋಡಲಿಲ್ಲ.

ಹುಳು ಇದ್ದ ಮೇಲೆ ಅದು ಮಿಲ್ಲಾದರೇನು, ಅರಮನೆಯಾದರೇನು, ನನಗೆ ಹುಳುಮನೆಯೇ. ಬಾಗಿಲಲ್ಲಿ ತಗಡಿನ ಬಾಣಲಿಯಲ್ಲಿ ಬ್ಲೀಚಿಂಗ್ ಪೌಡರ್ ನೀರು ಇಟ್ಟು ನಾನೇ ಕಾವಲು ನಿಂತೆ. ಆಗ ಕಾರಿನಿಂದ ಇಳಿದರು ಪರೀಕ್ಷಕರು. ಇಸ್ತ್ರಿ ಮಾಡಿದ ಬಿಳಿ ಜುಬ್ಬ, ಮಿರಮಿರ ಮಿಂಚುವ ಬೂಟು. ಅವರಿಗಿಂತ ಹತ್ತು ಮಾರು ಮುಂದೆ ಅವರ ಸೆಂಟಿನ ವಾಸನೆ ಬಂತು.

"ಸಾರ್, ಬೂಟು ಬಿಚ್ಚಿ. ಕಾಲು ಅದ್ದಿ."

"ಓ, ಇದೂ ಪ್ರದರ್ಶನದ ಭಾಗವಾ?" ಎಂದು ನಗುತ್ತಾ ಬಿಚ್ಚಿದರು, ಅದ್ದಿದರು. ನಾನು ಬಾಗಿಲಿಗೆ ಕೈ ಅಡ್ಡ ಇಟ್ಟೆ.

"ಸೆಂಟ್ ಹಾಕ್ಕೊಂಡು ಒಳೀಕ್ ಬರಂಗಿಲ್ಲ. ಹುಳಕ್ಕೆ ಆಗಾಕಿಲ್ಲ. ಕೊಳಾಯಿ ಅಲ್ಲೈತೆ, ಮೈ ತೊಳ್ಕೊಂಬನ್ನಿ."

ಅವರ ನಗು ಅಲ್ಲೇ ನಿಂತಿತು. "ಅಮ್ಮಾ, ನಾನು ಎಕ್ಸಾಮಿನರ್."

"ಯಾರಾದ್ರೂ ಆಗಿ ಸಾರ್. ನಮ್ಮ ಸೊಸೈಟಿ ಅಧ್ಯಕ್ಷರನ್ನೇ ವಾಪಸ್ ಕಳ್ಸಿದೀನಿ."

ನಮ್ಮ ಯಜಮಾನರು 'ನೆನಪು' ಮೋಟಾರಿನ ಹಿಂದೆ ಬಚ್ಚಿಟ್ಟುಕೊಂಡರು. ಪರೀಕ್ಷಕರಿಗೆ ಅದೇನು ತೋಚಿತೋ, ಹೋಗಿ ಕೊಳಾಯಿಯ ಕೆಳಗೆ ಕತ್ತು, ಕೈ, ಮುಖ ಉಜ್ಜಿ ತೊಳೆದರು. ಜುಬ್ಬಕ್ಕೂ ವಾಸನೆ ಹತ್ತಿತ್ತು. ಬೇರೆ ದಾರಿ ಇಲ್ಲದೆ ಅದನ್ನೂ ಬಿಚ್ಚಿ ಕಾರಿನಲ್ಲಿಟ್ಟು, ನಮ್ಮವರ ಟವಲ್ ಹೊದ್ದುಕೊಂಡು ಬನಿಯನ್ನಿನಲ್ಲೇ ಒಳಗೆ ಬಂದರು. ಮದುವೆ ಮನೆಯಲ್ಲಿ ಅಡಿಗೆ ಭಟ್ಟರು ಉಗ್ರಾಣಕ್ಕೆ ಹೊರಟ ಹಾಗೆ ಕಂಡರು.

ಒಳಗೆ ಕತ್ತಲು. ಅವರು ಕಣ್ಣು ಕಿರಿದು ಮಾಡಿ ನೋಡುತ್ತಿದ್ದಾಗ ತಲೆಯ ಮೇಲೆ ತೊಟಕ್ ಎಂದು ಹನಿ ಬಿತ್ತು. ಇನ್ನೊಂದು ಹನಿ ಕೈಯಲ್ಲಿದ್ದ ಕಾಗದದ ಮೇಲೆ. "ಮೇಲಿಂದ ನೀರು ಬರೋ ವ್ಯವಸ್ಥೆ ಮಾಡಿದೀಯಾ?" ಎಂದು ಮೇಘನಾಳನ್ನು ಕೇಳಿದರು.

"ಹುಳದ ಉಚ್ಚೆ ಸಾರ್" ಎಂದೆ ನಾನು. "ಗೂಡು ಕಟ್ಟೋಕ್ ಮುಂಚೆ ಒಂದ್ಸಲ ಹುಯ್ತವೆ. ಒಳ್ಳೇದು. ಹುಯ್ಲಿಲ್ಲ ಅಂದ್ರೆ ಗೂಡು ಕಲೆ ಆಯ್ತದೆ."

ಅವರು ಕಾಗದವನ್ನು ಎರಡು ಬೆರಳಲ್ಲಿ ಹಿಡಿದು ದೂರ ಮಾಡಿದರು. "ಸರಿ, ನಿನ್ನ ವರ್ಕ್ ಎಲ್ಲಿ?"

ಮೇಘನಾ ಕತ್ತಲೆಯಲ್ಲಿ ಕೈ ಕಟ್ಟಿ ನಿಂತಿದ್ದಳು. "ಇದೇ ಸರ್" ಎಂದಳು. ಲೈಟಿನ ಮಾತು ಎತ್ತಲಿಲ್ಲ, ನನ್ನ ಕಡೆ ಬೆರಳು ತೋರಿಸಲಿಲ್ಲ. ಅವರು "ಹೂಂ" ಎಂದು ಏನೋ ಬರೆದುಕೊಂಡು ಮುಂದಿನ ಹುಡುಗನ ಕಡೆ ಹೋದರು. ಅವಳ ಒಂದು ತಿಂಗಳ ಕೆಲಸ ಎರಡೇ ನಿಮಿಷದಲ್ಲಿ ಮುಗಿದುಹೋಯಿತು.

ಆಗ ನನಗೆ ಅರಿವಾಯಿತು. ಇವತ್ತು ಹಣ್ಣಾಗಿದ್ದು ನನ್ನ ಹುಳು ಒಂದೇ ಅಲ್ಲ, ಈ ಹುಡುಗಿಯ ಬೆಳೆಯೂ ಇವತ್ತೇ ಹಣ್ಣಾಗಿತ್ತು. ಅವಳಿಗೂ ನಾಳೆ ಎನ್ನುವುದು ಇರಲಿಲ್ಲ. ಲೆಕ್ಕ ತಪ್ಪಿದವಳು ನಾನು, ಕಳೆದುಕೊಂಡವಳು ಅವಳು. ಪರೀಕ್ಷಕರ ಹಿಂದೆ ಓಡಿ ಹೇಳೋಣ ಎಂದರೆ ಅವತ್ತು ಮೊದಲ ಸಲ ನನ್ನ ಬಾಯಿ ಕಟ್ಟಿತು. ಮೈ ತೊಳೆಸಿ, ಬನಿಯನ್ನಿನಲ್ಲಿ ನಿಲ್ಲಿಸಿದವಳು ಯಾವ ಮುಖ ಇಟ್ಟುಕೊಂಡು ಕೇಳಲಿ? ಸಂಜೆ ಅವರು ಕಾರು ಹತ್ತಿ ಹೊರಟುಹೋದರು.

ಶನಿವಾರ, ಭಾನುವಾರ ಮಿಲ್ಲಿಗೆ ಜನವೋ ಜನ. 'ಗಂಗಕ್ಕನ ಹುಳ ಎಕ್ಸಿಬಿಷನ್‌ಗೆ ಹೋಗೈತಂತೆ' ಎಂದು ಸುದ್ದಿ ಹಬ್ಬಿ ಅಗಳಿ, ರೊಳ್ಳ ಕಡೆಯಿಂದೆಲ್ಲ ಹುಳು ಸಾಕುವ ಹೆಂಗಸರು ಆಟೋ ಮಾಡಿಕೊಂಡು ಬಂದರು. ಬೇರೆ ಯಾವುದನ್ನೂ ತಿರುಗಿ ನೋಡಲಿಲ್ಲ. ನನ್ನ ಚಂದ್ರಿಕೆ ಮುಂದೆ ನಿಂತು, "ಸ್ವಲ್ಪ ಒತ್ತಾಗಿ ಬಿಟ್ಟೌಳೆ" ಎಂದು ಹುಳುಕು ತೆಗೆದರು. ಕಾಗದದ ದೀಪದೊಳಗೆ ಹತ್ತಿಪ್ಪತ್ತು ಹುಳು ಹತ್ತಿ ಗೂಡು ಕಟ್ಟಿಬಿಟ್ಟಿದ್ದವು. ದೀಪ ಮಾಡಿದ ಹುಡುಗಿ ಅವನ್ನು ಕೀಳಲು ಬಿಡಲೇ ಇಲ್ಲ.

ಭಾನುವಾರ ಮಧ್ಯಾಹ್ನ ಒಂದು ಗೂಡು ಒತ್ತಿ ನೋಡಿದೆ. ಗಟ್ಟಿಯಾಗಿತ್ತು. ಹುಳು ಒಳಗೆ ಸೇರಿಬಿಟ್ಟಿತ್ತು. ಇನ್ನು ಸ್ವಲ್ಪ ಹೊತ್ತು ಬೆಳಕು ಬಿದ್ದರೂ ಭಯವಿರಲಿಲ್ಲ.

"ಈಗ ಹಾಕಮ್ಮಿ ನಿನ್ನ ಲೈಟು" ಎಂದೆ.

"ಯಾರಿಗೆ ಅಕ್ಕ? ಪರೀಕ್ಷೆ ಮುಗೀತಲ್ಲ" ಎಂದಳು. ಆದರೂ ಹೋಗಿ ಹಾಕಿದಳು.

ಏನು ಹೇಳಲಿ! ಹನ್ನೆರಡು ವರ್ಷದವಳಿದ್ದಾಗಿಂದ ಗೂಡು ಕಂಡವಳು ನಾನು. ಕಂಡದ್ದೆಲ್ಲ ತೂಕ ಎಷ್ಟು, ಕಲೆ ಇದೆಯಾ ಎಂದು. ಅವತ್ತು ಇಪ್ಪತ್ತು ಚಂದ್ರಿಕೆಯ ಅಷ್ಟೂ ಗೂಡುಗಳ ಮೂಲಕ ಬೆಳಕು ಹಾದು ಬಂತು. ಬರೀ ಬಿದಿರಿನ ನೆರಳಿದ್ದ ಗೋಡೆಯ ಮೇಲೆ ಈಗ ಗೂಡಿನ ನೆರಳು, ನೂಲಿನ ನೆರಳು. ನಮ್ಮ ಯಜಮಾನರು ಟವಲ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು, ಗುಡಿಯಲ್ಲಿ ನಿಂತ ಹಾಗೆ.

"ಆ ಸಾರ್‌ಗೆ ಫೋನ್ ಹಚ್ಚು. ಮುಖ ಕಾಣೋ ಫೋನು" ಎಂದೆ. ಬೇಡ ಅಕ್ಕ, ತಪ್ಪಾಗುತ್ತೆ ಎಂದಳು. ನಾನು ಬಿಡುವವಳಾ? ಕೈಯಿಂದ ಫೋನ್ ಕಿತ್ತುಕೊಂಡು ಅವಳ ಗೆಳತಿಯ ಕೈಲಿ ಹಚ್ಚಿಸಿದೆ. ಪರೀಕ್ಷಕರ ಮುಖ ಬಂತು. ನನ್ನನ್ನು ಕಂಡು ಅವರ ಕೈ ತಾನಾಗಿ ಕತ್ತಿನ ಮೇಲೆ ಹೋಯಿತು.

"ಸಾರ್, ಶುಕ್ರವಾರ ನಿಮ್ಮನ್ನ ತಡೆದೋಳು ನಾನೇ. ಲೈಟು ಆರ್ಸು ಅಂದೋಳೂ ನಾನೇ, ಈ ಹುಡುಗಿ ತಪ್ಪೇನಿಲ್ಲ. ನನ್ನ ಬೆಳೆ ಉಳ್ಸಾಕೆ ಅವಳು ಸುಮ್ಕೆ ನಿಂತ್ಲು. ಈಗ ನೋಡಿ. ಬೇಕಾದ್ರೆ ಸೆಂಟ್ ಹಾಕ್ಕೊಂಡೇ ನೋಡಿ, ಫೋನಲ್ಲಿ ವಾಸ್ನೆ ಬರಾಕಿಲ್ಲ."

ಅವರು ಜೋರಾಗಿ ನಕ್ಕುಬಿಟ್ಟರು. ಫೋನನ್ನು ಚಂದ್ರಿಕೆಗಳ ಕಡೆ ತಿರುಗಿಸಿದಾಗ ಮಾತ್ರ ನಗು ನಿಂತಿತು. "ನಿಧಾನ... ಇನ್ನೂ ಸ್ವಲ್ಪ ಹತ್ತಿರ" ಎನ್ನುತ್ತಾ ಎಷ್ಟೋ ಹೊತ್ತು ನೋಡಿದರು. ಆಮೇಲೆ ಮೇಘನಾಳ ಜೊತೆ ಇಂಗ್ಲಿಷಿನಲ್ಲಿ ಮಾತಾಡಿದರು. ನನಗೆ ತಿಳಿದದ್ದು ಅವಳ "ಯೆಸ್ ಸರ್" ಒಂದೇ.

"ಏನಂದ್ರು?" ಎಂದು ಕೇಳಿದೆ.

"ಮಾರ್ಕ್ಸ್ ಇನ್ನೂ ಕಳಿಸಿಲ್ವಂತೆ. ಫೋಟೋ, ವಿಡಿಯೋ ಎಲ್ಲಾ ಇವತ್ತೇ ಕಳ್ಸು ಅಂದ್ರು" ಎಂದು ಹೇಳಿ, ಅಷ್ಟು ದಿನ ತಡೆದುಕೊಂಡಿದ್ದನ್ನೆಲ್ಲ ನನ್ನ ಭುಜದ ಮೇಲೆ ಅತ್ತಳು.

ಮಿಲ್ಲಿನ ಮಾಲೀಕರು ಇನ್ನೂ ಮೂರು ದಿನ ಬಿಟ್ಟುಕೊಟ್ಟರು. ಬುಧವಾರ ಗೂಡು ಬಿಡಿಸಿದೆವು. ಒಳ್ಳೆಯ ಬೆಳೆ, ಹುಳುಮನೆಗೆ ಬೀಗ ಬೀಳಲಿಲ್ಲ. ಮೇಘನಾ ನಮ್ಮ ಜೊತೆ ಕೂತು ಸಂಜೆವರೆಗೂ ಬಿಡಿಸಿದಳು. ಅವಳು ಪಾಸಾದಳು, ಒಳ್ಳೆಯ ಅಂಕವೇ ಬಂತು ಎಂದು ಆಮೇಲೆ ಫೋನ್ ಮಾಡಿ ಹೇಳಿದಳು. ಆದರೆ ಬುಧವಾರ ಅದೊಂದೂ ಗೊತ್ತಿರಲಿಲ್ಲ.

ಅವಳು ಊರಿಗೆ ಹೊರಡುವಾಗ ನಾನು ಎರಡು ದಿನದಿಂದ ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದ ಮಾತು ಹೊರಗೆ ತೆಗೆದೆ. "ಅವತ್ತು ನಿನ್ನ ಒಂದ್ಮಾತು ಕೇಳ್ದೆ ಕೂಗಾಡ್ಬಿಟ್ಟೆ ಕಣಮ್ಮ. ನೀನೂ ಬೈಬೋದಿತ್ತು. ಯಾಕೆ ಸುಮ್ಕಿದ್ದೆ?"

ಅವಳು ಬ್ಯಾಗ್ ಹೆಗಲಿಗೆ ಹಾಕಿಕೊಂಡು, ಅದೇನು ಮಹಾ ಎನ್ನುವ ಹಾಗೆ ಹೇಳಿದಳು. "ಹುಳ ಹಣ್ಣಾಗಿದ್ವಲ್ಲ ಅಕ್ಕ. ಇನ್ನೇನು ಮಾಡೋಕಾಗ್ತಿತ್ತು?"

ಮೂವತ್ತು ವರ್ಷ ಹುಳು ಮೇಯಿಸಿದವರು ಆಡುವ ಮಾತು ಅದು. "ಒಂದು ಮುದ್ದೆ ನೆಟ್ಟಗೆ ನುಂಗಾಕ್ ಬರಾಕಿಲ್ಲ, ಮಾತು ನೋಡು. ಹೋಗು, ಬಸ್ ತಪ್ತದೆ" ಎಂದು ಬೈದು ಕಳಿಸಿದೆ. ಬಸ್ಸು ಮರೆಯಾದ ಮೇಲೂ ಬಹಳ ಹೊತ್ತು ಅಲ್ಲೇ ನಿಂತಿದ್ದೆ. ಇಂಥ ಮಗುವಿನ ಮೇಲೆ ಕೂಗಾಡಿದೆನಲ್ಲ ಎಂದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.